ಅಮ್ಮನ ಎಂಟು ಗಂಟೆ

ಕ್ಯಾಲಿಫೋರ್ನಿಯಾಕ್ಕೆ ಬಂದು ಆರು ತಿಂಗಳಾಯಿತು ಅಂದಿರಿ. ವಯಸ್ಸಾದವರಿಗೆ ಮನೆಯಲ್ಲೇ ಸಿಗುವ ಆರೈಕೆಯ ಹಣಕ್ಕೆ ಸರ್ಕಾರ ಕತ್ತರಿ ಹಾಕುತ್ತಿದೆಯಂತೆ, ಇಲ್ಲಿನ ಜನ ಏನಂತಾರೆ, ನಾಳೆ ಅಪ್ಪ ಅಮ್ಮನನ್ನು ಕರೆಸಿಕೊಂಡರೆ ನಮಗೂ ತಟ್ಟುತ್ತಾ ಅಂತ ಕೇಳಿದ್ದೀರಿ. ನನಗಿದು ಬರೀ ಸುದ್ದಿಯಲ್ಲ. ನಮ್ಮಮ್ಮ ಒಂಬತ್ತು ವರ್ಷ ಆ ಆರೈಕೆಯ ಮೇಲೇ ಬದುಕಿದರು.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಮೆಡಿಕೇರ್, ಮೆಡಿಕೇಡ್ ಎರಡೂ ಸರ್ಕಾರದ ಆರೋಗ್ಯ ವಿಮೆ, ಆದರೆ ಎರಡೂ ಒಂದೇ ಅಲ್ಲ. ಮೆಡಿಕೇರ್ ಮುಖ್ಯವಾಗಿ 65 ದಾಟಿದವರಿಗೆ. ಆಪರೇಷನ್ ಆಗಿ ಮನೆಗೆ ಬಂದರೆ ಸ್ವಲ್ಪ ದಿನ ನರ್ಸ್ ಬಂದು ನೋಡುತ್ತಾರೆ, ಅಷ್ಟೇ. ವರ್ಷಗಟ್ಟಲೆ ಸ್ನಾನ ಮಾಡಿಸಲು, ಊಟ ಕೊಡಲು ಅದು ದುಡ್ಡು ಕೊಡುವುದಿಲ್ಲ. ಅದನ್ನು ಕೊಡುವುದು ಕಡಿಮೆ ಆದಾಯದವರಿಗಿರುವ ಮೆಡಿಕೇಡ್. ಇಲ್ಲಿ ಅದಕ್ಕೆ ಮೆಡಿ-ಕ್ಯಾಲ್ ಅಂತಾರೆ, ಅದರೊಳಗಿನ ಮನೆ ಆರೈಕೆಗೆ ಐಎಚ್‌ಎಸ್‌ಎಸ್. ಕೌಂಟಿಯವರು, ಅಂದರೆ ನಮ್ಮ ಜಿಲ್ಲಾಡಳಿತದಂಥವರು, ಬಂದು ನೋಡಿ ತಿಂಗಳಿಗೆ ಇಷ್ಟು ಗಂಟೆ ಅಂತ ಬರೆದುಕೊಡುತ್ತಾರೆ. ಹೆಚ್ಚೆಂದರೆ 283. ಮಗಳೋ ಸೊಸೆಯೋ ನೋಡಿಕೊಂಡರೂ ಸಂಬಳ ಸಿಗುತ್ತದೆ.

ಕತ್ತರಿ ಇದರ ಮೇಲೇ ಯಾಕೆ ಬೀಳುತ್ತದೆ ಗೊತ್ತಾ? ಕೇಂದ್ರದ ಕಾನೂನಿನ ಪ್ರಕಾರ ನರ್ಸಿಂಗ್ ಹೋಮ್ (ಇಲ್ಲಿ ಅದು ಸಣ್ಣ ಆಸ್ಪತ್ರೆಯಲ್ಲ, ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ) ಖರ್ಚನ್ನು ಮೆಡಿಕೇಡ್ ಕೊಡಲೇಬೇಕು. ಮನೆ ಆರೈಕೆಯಲ್ಲಿ ಬಹುಪಾಲು ಆಯಾ ರಾಜ್ಯದ ಇಷ್ಟ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನಿಂದ ಹತ್ತು ವರ್ಷದಲ್ಲಿ ಮೆಡಿಕೇಡ್‌ಗೆ ಕೇಂದ್ರದ ಹಣ 900 ಬಿಲಿಯನ್ ಡಾಲರ್‌ಗೂ ಜಾಸ್ತಿ ಇಳಿಯುತ್ತದೆ ಎಂದು ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜು ಮಾಡಿದೆ. ಮನೆ ಆರೈಕೆ ನಿಲ್ಲಿಸಿ ಅಂತ ಅದರಲ್ಲಿ ಬರೆದಿಲ್ಲ. ಆದರೆ ಕೈ ಬಿಗಿಯಾದ ರಾಜ್ಯ, ಕೊಡಲೇಬೇಕು ಅಂತಿಲ್ಲದ್ದಕ್ಕೆ ತಾನೇ ಮೊದಲು ಕೈ ಹಾಕುವುದು?

ಹಿಂದೆಯೂ ಹಾಗೇ ಆಗಿತ್ತು. 2013ರಲ್ಲಿ ಐಎಚ್‌ಎಸ್‌ಎಸ್ ಗಂಟೆಗಳನ್ನು ಶೇ. 8ರಷ್ಟು ಇಳಿಸಿದರು. ಅಮ್ಮನಿಗಿದ್ದ 100 ಗಂಟೆ 92 ಆಯಿತು. ಎಂಟು ಗಂಟೆ ಏನು ಮಹಾ ಅನ್ನಿಸಬಹುದು. ನಮ್ಮ ಮನೆಯಲ್ಲಿ ಅದು ಎಂಟು ಬೆಳಗಿನ ಸ್ನಾನ. ಮಿಂದು ದೇವರಿಗೆ ದೀಪ ಹಚ್ಚದೆ ತಿಂಡಿ ಮುಟ್ಟಿದವರಲ್ಲ ಅಮ್ಮ. ವಾರಕ್ಕೆರಡು ದಿನ ಅಮ್ಮನನ್ನು ನೋಡಿಕೊಳ್ಳುವ ಹೆಂಗಸು ಬರುವುದು ತಪ್ಪಿತು. ಆ ದಿನ ನಾನು ಕೆಲಸ ಮುಗಿಸಿ ಬರುವವರೆಗೂ ಬರೀ ಕಾಫಿಯಲ್ಲೇ ಕೂತಿರುತ್ತಿದ್ದರು. ಬೈದೆ, ಬೇಡಿಕೊಂಡೆ. "ಇರಲಿ ಬಿಡೇ, ಹಸಿವಿಲ್ಲ" ಅನ್ನುತ್ತಿದ್ದರು. 2015ರಲ್ಲಿ ಆ ಗಂಟೆಗಳು ವಾಪಸ್ ಬಂದವು.

ಜನರ ಅಭಿಪ್ರಾಯ ಪಕ್ಷದ ಪ್ರಕಾರ ನೆಟ್ಟಗೆ ಒಡೆದುಹೋಗಿದೆ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಮನೆಯ ಹಿರಿಯರು ಸರ್ಕಾರದ ಖರ್ಚು ಇಳಿಯಬೇಕು ಅನ್ನುವವರೇ. ಹೆಂಡತಿಗೆ ಪಾರ್ಶ್ವವಾಯು ಹೊಡೆದ ಮೇಲೆ, "ಮೋಸ ಮಾಡುವವರನ್ನು ಹಿಡಿಯಲಿ, ಇವಳ ಗಂಟೆ ಮುಟ್ಟೋದು ಬೇಡ" ಅನ್ನುತ್ತಾರೆ. ಆರೋಗ್ಯ ನೀತಿಯ ಅಧ್ಯಯನ ಮಾಡುವ ಕೆಎಫ್‌ಎಫ್ ಸಂಸ್ಥೆಯ 2025ರ ಜೂನ್ ಸಮೀಕ್ಷೆಯಲ್ಲಿ ಶೇ. 83 ಜನ ಮೆಡಿಕೇಡ್ ಬಗ್ಗೆ ಒಳ್ಳೆಯ ಮಾತೇ ಹೇಳಿದ್ದರು, ಟ್ರಂಪ್ ಪಕ್ಷದವರಾದ ರಿಪಬ್ಲಿಕನ್ನರಲ್ಲೂ ಹೆಚ್ಚಿನವರು. ಮೋಸ ಹಿಡಿಯಲೇಬೇಕು, ಒಪ್ಪುತ್ತೇನೆ. ಆದರೆ ಎಲ್ಲರ ಗಂಟೆಯನ್ನೂ ಒಂದೇ ಸಮ ಕತ್ತರಿಸಿದರೆ ಕಳ್ಳ ಸಿಗುವುದಿಲ್ಲ, ಮಂಚ ಹಿಡಿದವರು ಸಿಗುತ್ತಾರೆ.

ನಿಮ್ಮ ಅಪ್ಪ ಅಮ್ಮನ ವಿಷಯ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಬಂದರೂ ಸಾಮಾನ್ಯವಾಗಿ ಐದು ವರ್ಷ ಕೇಂದ್ರದ ಮೆಡಿಕೇಡ್ ಹಣವಿಲ್ಲ. ಕೆಲವು ರಾಜ್ಯಗಳು ತಮ್ಮ ಹಣದಿಂದ ಕೊಡುತ್ತವೆ. ಇಂದಿನ ನಿಯಮವೇ ಆಗಲೂ ಇರುತ್ತದೆ ಅಂತ ಲೆಕ್ಕ ಹಾಕಬೇಡಿ.

ಓಟಿಲ್ಲ, ನಾವೇನು ಹೇಳೋದು ಅಂತ ಸುಮ್ನೆ ಇರಬೇಡಿ. 2025ರ ಮೇ ತಿಂಗಳಲ್ಲಿ ಗವರ್ನರ್ ನ್ಯೂಸಮ್ ಆರೈಕೆ ಮಾಡುವವರ ದುಡಿಮೆಗೆ ವಾರಕ್ಕೆ 50 ಗಂಟೆಯ ಮಿತಿ ಹಾಕಲು ಹೊರಟಿದ್ದರು. ಜನ ವಿರೋಧಿಸಿದರು, ಶಾಸನಸಭೆ ಅದನ್ನು ಒಪ್ಪಲಿಲ್ಲ. ಬಜೆಟ್ ಸಭೆಗಳಲ್ಲಿ ಯಾರು ಬೇಕಾದರೂ ಮೈಕ್ ಮುಂದೆ ನಿಂತು ಮಾತಾಡಬಹುದು. ಸಿಗುವುದು ಒಂದೆರಡು ನಿಮಿಷ. ನಾನೂ ಒಮ್ಮೆ ಹೋಗಿದ್ದೆ. ಅಮ್ಮನ ಆ ಎಂಟು ಸ್ನಾನದ ವಿಷಯವನ್ನೇ ಹೇಳಿ ಬಂದೆ.