ಅಳಿಯನ ಮುತ್ತಜ್ಜ ಕ್ವಿಬೆಕ್‌ನ ರೈತರ ಮಗ: ಹುಡುಕುವುದು ಎಲ್ಲಿಂದ?

ಪ್ರಶ್ನೆ: ನಮ್ಮ ಅಳಿಯ ಅಮೆರಿಕದ ಮ್ಯಾಸಚೂಸೆಟ್ಸ್‌ನವರು, ಮನೆಹೆಸರು ಕಿಂಗ್. ಅವರ ಮುತ್ತಜ್ಜ ಜೋಸೆಫ್ ಕಿಂಗ್ ಹುಟ್ಟಿದ್ದು ಕೆನಡಾದ ಕ್ವಿಬೆಕ್‌ನಲ್ಲಿ, ರೈತರ ಮನೆಯಲ್ಲಿ. ಚಿಕ್ಕವರಿದ್ದಾಗಲೇ ಅಪ್ಪ-ಅಮ್ಮನ ಜೊತೆ ಮ್ಯಾಸಚೂಸೆಟ್ಸ್‌ನ ಲೋವೆಲ್‌ಗೆ ಬಂದು ಬಟ್ಟೆ ಗಿರಣಿ ಸೇರಿದರಂತೆ. ಮನೆಮಾತು ಫ್ರೆಂಚ್. ಆದರೆ ಕ್ವಿಬೆಕ್ ದಾಖಲೆಗಳಲ್ಲಿ ಈ ಕಿಂಗ್ ಮನೆತನ ಸಿಗುತ್ತಲೇ ಇಲ್ಲ. ಮೊಮ್ಮಗಳಿಗೆ ಎರಡೂ ಕಡೆಯ ವಂಶವೃಕ್ಷ ಬರೆದುಕೊಡುವ ಆಸೆ ನನ್ನದು. ದಾರಿ ತೋರಿಸುತ್ತೀರಾ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮನ್ನು ದಾರಿ ತಪ್ಪಿಸಿರುವುದು ಆ ಹೆಸರೇ. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ ಗುಳೆ ಹೋದರು. ಗಿರಣಿ ಊರುಗಳಲ್ಲಿ ಎಷ್ಟೋ ಮಂದಿಯ ಹೆಸರು ಇಂಗ್ಲಿಷಿಗೆ ತಿರುಗಿತು. ಲಬ್ಲಾಂ ಮನೆಯವರು ವೈಟ್ ಆದರು, ಬ್ವಾವೆರ್ ಮನೆಯವರು ಗ್ರೀನ್‌ವುಡ್ ಆದರು. ರ್ವಾ ಎಂದರೆ ರಾಜ. ಅವರು ಕಿಂಗ್ ಆದರು. ರ್ವಾ ಎಂದು ಓದುವ ಈ ಮನೆಹೆಸರನ್ನು ಬರೆಯುವುದು ‘ರಾಯ್’ ಎಂದು. ಹಾಗಾಗಿ ಆರ್, ಓ, ವೈ ಎಂದು ಟೈಪ್ ಮಾಡಿ ಹುಡುಕಿ.

ಅಲ್ಲಿಗೂ ಮುಗಿಯುವುದಿಲ್ಲ. ಕ್ವಿಬೆಕ್‌ನ ಎಷ್ಟೋ ಮನೆತನಗಳಿಗೆ ‘ದಿ’ (ಫ್ರೆಂಚಿನಲ್ಲಿ ‘ಎಂದು ಕರೆಯುವ’) ಸೇರಿಸಿ ಹೇಳುವ ಅಡ್ಡಹೆಸರೂ ಇತ್ತು. ಸಹಕಾರಿ ಬ್ಯಾಂಕ್ ಕಟ್ಟಿದ ಆಲ್ಫೋನ್ಸ್ ದೆಜಾರ್ದ್ಯಾಂ ಅವರ ತಂದೆ ದಾಖಲೆಯಲ್ಲಿ ‘ರ್ವಾ ದಿ ದೆಜಾರ್ದ್ಯಾಂ’. ಮಗನಿಗೆ ಉಳಿದದ್ದು ಅಡ್ಡಹೆಸರು ಮಾತ್ರ. ಜೋಸೆಫ್ ಎಂಬುದನ್ನೂ ಪೂರ್ತಿ ನೆಚ್ಚಬೇಡಿ. ಆ ಕಾಲದಲ್ಲಿ ಗಂಡುಮಕ್ಕಳ ನಾಮಕರಣದಲ್ಲಿ ಜೋಸೆಫ್, ಹೆಣ್ಣುಮಕ್ಕಳಿಗೆ ‘ಮರಿ’ (ಇಂಗ್ಲಿಷಿನ ಮೇರಿ) ಎಂದು ಮುಂದೆ ಸೇರಿಸುವುದು ವಾಡಿಕೆಯಾಗಿತ್ತು.

ಹಾಗಿದ್ದರೆ ನಂಬಬೇಕಾದ್ದು ಯಾವುದನ್ನು? ಮುತ್ತಜ್ಜನ ತಾಯಿಯ ತವರು ಹೆಸರನ್ನು. ಕ್ವಿಬೆಕ್‌ನ ಚರ್ಚು ಮತ್ತು ನೋಟರಿ ದಾಖಲೆಗಳಲ್ಲಿ ಹೆಣ್ಣಿನ ಹೆಸರು ಮದುವೆಯಾದ ಮೇಲೂ ತವರಿನದೇ. ಝಾಂ ರ್ವಾ ಎಂಬ ರೈತರು ನೂರಾರು ಸಿಗುತ್ತಾರೆ. ಹೆಂಡತಿಯ ತವರು ಹೆಸರನ್ನು ಜೊತೆಗಿಟ್ಟರೆ ಒಂದೋ ಎರಡೋ ಜೋಡಿ ಉಳಿದಾವು.

ಆ ಹೆಸರು ಲೋವೆಲ್‌ನಲ್ಲೇ ಸಿಗಬಹುದು. ಜೋಸೆಫ್ ಅವರ ಮದುವೆ ಅಲ್ಲೇ ಆಗಿದ್ದರೆ, 1841ರಿಂದ ಇರುವ ಮ್ಯಾಸಚೂಸೆಟ್ಸ್ ನೋಂದಣಿ ಪುಸ್ತಕವನ್ನೂ ಅಲ್ಲಿನ ಫ್ರೆಂಚ್ ಚರ್ಚಿನ ಪುಸ್ತಕವನ್ನೂ ನೋಡಿ. 1900ರ ಜನಗಣತಿಯಲ್ಲಿ ವಲಸೆ ಬಂದ ವರ್ಷವೂ ಇದೆ. ಅಪ್ಪ-ಅಮ್ಮನ ಜೋಡಿ ಸಿಕ್ಕ ಮೇಲೆ ಕ್ವಿಬೆಕ್‌ಗೆ ದಾಟಿ. ಅಲ್ಲಿನ ಮದುವೆ ದಾಖಲೆಯಲ್ಲಿ ಸಾಮಾನ್ಯವಾಗಿ ಗಂಡು-ಹೆಣ್ಣು ಇಬ್ಬರ ತಂದೆತಾಯಿಯರ ಹೆಸರೂ ಇರುತ್ತವೆ. ಅವರ ಮದುವೆ ಹುಡುಕಿ, ಮತ್ತೆ ಅವರ ಹಿಂದಿನವರದು. ಹೀಗೆ 1600ರ ದಶಕದವರೆಗೂ ಹೋದವರಿದ್ದಾರೆ. 1679ರಿಂದ ಪಾದ್ರಿಗಳು ಎರಡು ಪ್ರತಿ ಬರೆದಿಡಬೇಕಿತ್ತು. ಹಾಗಾಗಿ ಚರ್ಚು ಸುಟ್ಟರೂ ಎಷ್ಟೋ ಕಡೆ ಇನ್ನೊಂದು ಪ್ರತಿ ಉಳಿಯಿತು. 1940ರ ದಶಕದಲ್ಲಿ ದ್ರುವ್ಯಾಂ ಎಂಬ ವಂಶಾವಳಿ ಸಂಸ್ಥೆ ಈ ಪುಸ್ತಕಗಳನ್ನು ಫಿಲ್ಮ್‌ಗೆ ಇಳಿಸಿತು. ಇಂಟರ್‌ನೆಟ್‌ನಲ್ಲಿ ಬೇರೆಯವರು ಹಾಕಿದ ವಂಶವೃಕ್ಷವನ್ನು ಮಾತ್ರ ಮೂಲ ಪುಟ ನೋಡದೆ ನಕಲು ಮಾಡಬೇಡಿ.

ಹೆಸರು ಸಿಕ್ಕಿತೆಂದು ನಿಲ್ಲಿಸಬೇಡಿ. ಆ ರೈತ ಮನೆತನ ಬದುಕಿದ್ದು ಹೇಗೆಂದು ತಿಳಿಯುವುದು ನೋಟರಿ ಪತ್ರಗಳಲ್ಲಿ. ಕ್ವಿಬೆಕ್‌ನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಹಳೆಯ ನೋಟರಿ ಕಡತಗಳನ್ನು ಹಣ ಕೊಡದೆ ನೋಡಬಹುದು. ಅಲ್ಲಿನ ಜಮೀನು ನದಿಗೆ ಮುಖ ಮಾಡಿದ ಉದ್ದನೆಯ ಪಟ್ಟಿ: ಅಗಲ ಸುಮಾರು 3 ಆರ್ಪಾಂ, ಉದ್ದ 30-40, ಒಂದು ಆರ್ಪಾಂ ಎಂದರೆ ಸುಮಾರು 58 ಮೀಟರ್. ಪತ್ರದಲ್ಲಿ ನಮ್ಮ ಕ್ರಯಪತ್ರದ ಹಾಗೆಯೇ ಚೆಕ್ಕುಬಂದಿ: ಮುಂದೆ ನದಿ, ಎಡಬಲಕ್ಕೆ ಇಂಥವರ ಜಮೀನು. ಆ ನೆರೆಯವರು ಎಷ್ಟೋ ಸಲ ಬೀಗರೇ ಆಗಿರುತ್ತಾರೆ.

ನನಗೆ ಅತಿ ಪ್ರಿಯವಾದವು ದಾನಪತ್ರಗಳು. ವಯಸ್ಸಾದ ಗಂಡ-ಹೆಂಡತಿ ಜಮೀನನ್ನು ಒಬ್ಬ ಮಗನಿಗೆ ಬರೆದುಕೊಟ್ಟು, ಬದಲಿಗೆ ತಮ್ಮ ಜೀವನಾಂಶವನ್ನು ಸಾಲುಸಾಲಾಗಿ ಬರೆಸುತ್ತಿದ್ದರು. ವರ್ಷಕ್ಕೆ ಇಷ್ಟು ಅಳತೆ ಗೋಧಿ, ಕೊಬ್ಬಿದ ಒಂದು ಹಂದಿ, ಸೀಳಿ ಬಾಗಿಲಿಗೆ ತಂದು ಹಾಕಿದ ಸೌದೆ, ಚರ್ಚಿಗೆ ಹೋಗಲು ಕುದುರೆಗಾಡಿ. ಕೆಲವದರಲ್ಲಿ ‘ಸಾಯದ ಹಸು ಒಂದು’ ಎಂದೂ ಇರುತ್ತದೆ: ಹಸು ಸತ್ತರೆ ಮಗ ಇನ್ನೊಂದನ್ನು ತಂದು ಕಟ್ಟಬೇಕು. ಮುದುಕಿಯ ಲೋಟಕ್ಕೆ ಹಾಲು ತಪ್ಪಬಾರದು.

ಮೊದಲು ಲೋವೆಲ್ ಮದುವೆ ದಾಖಲೆ ತರಿಸಿ. ತಾಯಿಯ ಹೆಸರು ಓದಲು ಬಾರದಿದ್ದರೆ ಪುಟದ ಫೋಟೋ ಕಳಿಸಿ. ಆ ಕಾಲದ ಪಾದ್ರಿಗಳ ಕೈಬರಹ ಓದಿ ನನಗೆ ಅಭ್ಯಾಸವಿದೆ.