ಅಳುವವರನ್ನು ಮಾತ್ರ ಕಂಡ ಲೇಖನಕ್ಕೆ

ಪ್ರಿಯ ಲೇಖಕರೇ,

ಖಿನ್ನತೆಯ ಕಾರಣ ಮತ್ತು ಲಕ್ಷಣಗಳನ್ನು ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ಕೇಳಿದಷ್ಟೇ ಪುಟಗಳಲ್ಲಿ ಮುಗಿಸಿದ್ದೀರಿ. ಸಂತೋಷ. ಇನ್ನು ನನಗೆ ಸಿಟ್ಟು ತರಿಸಿದ ಸಂಗತಿಗಳಿಗೆ ಬರುತ್ತೇನೆ.

ಎರಡನೆಯ ಪ್ಯಾರಾದ ಮೊದಲ ಸಾಲು: "ಮೆದುಳಿನಲ್ಲಿ ಸಿರೊಟೋನಿನ್ ಕಡಿಮೆಯಾದಾಗ ಖಿನ್ನತೆ ಉಂಟಾಗುತ್ತದೆ." ಎಷ್ಟು ಧೈರ್ಯ ನಿಮಗೆ! ಮೆದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಈ ರಾಸಾಯನಿಕದ ಬಗೆಗಿನ 1960ರ ದಶಕದ ಒಂದು ಊಹೆಯನ್ನು ತೀರ್ಪಾಗಿಸಿಬಿಟ್ಟಿರಿ. ಈಗ ಹೆಚ್ಚು ಬಳಕೆಯಲ್ಲಿರುವ ಮಾತ್ರೆಗಳು ಸಿರೊಟೋನಿನ್ ಮೇಲೆ ಕೆಲವೇ ಗಂಟೆಗಳಲ್ಲಿ ಕೆಲಸ ಶುರುಮಾಡುತ್ತವೆ. ಮನಸ್ಸು ಚೇತರಿಸಿಕೊಳ್ಳಲು ಮಾತ್ರ ವಾರಗಳೇ ಹಿಡಿಯುತ್ತವೆ. ಈ ವಿಳಂಬ ಏಕೆಂಬ ಪ್ರಶ್ನೆ ನಿಮ್ಮನ್ನು ಕಾಡಬೇಕಿತ್ತು. 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿದ ಒಂದು ಸಮೀಕ್ಷೆ, ಅಂಥ ಕೊರತೆಯೇ ಕಾರಣ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಎಂದಿತು. ಹಾಗೆಂದು ಮಾತ್ರೆಗಳು ಕೆಲಸ ಮಾಡುವುದಿಲ್ಲ ಎಂದು ಬರೆದುಬಿಡಬೇಡಿ. ಓದಿದವರು ಔಷಧಿ ನಿಲ್ಲಿಸಿಯಾರು.

ಅದರ ಬೆನ್ನಿಗೇ ಬರುವ ಸಾಲು: "ಮನೋಬಲ ಇಲ್ಲದವರು ಇದಕ್ಕೆ ಬೇಗ ಬಲಿಯಾಗುತ್ತಾರೆ." ಇಲ್ಲಿ ಪೆನ್ನು ಕೆಳಗಿಟ್ಟೆ. ಥೈರಾಯ್ಡ್ ಗ್ರಂಥಿ ಮಂದವಾದವರ ಮನೋಬಲವನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಪಾರ್ಶ್ವವಾಯು ಹೊಡೆದವರದು? ಮಗುವನ್ನು ಹೆತ್ತು ಇನ್ನೂ ತಿಂಗಳಾಗದ ತಾಯಿಯದು? ಇವರೆಲ್ಲರನ್ನೂ ಖಿನ್ನತೆ ಹಿಡಿಯಬಹುದು. ಅವಳಿಗಳ ಅಧ್ಯಯನಗಳನ್ನು ನೋಡಿದರೆ ಈ ಕಾಯಿಲೆಯಲ್ಲಿ ವಂಶವಾಹಿಗಳ ಪಾಲು ಸುಮಾರು ಮೂರನೇ ಒಂದಕ್ಕಿಂತ ತುಸು ಹೆಚ್ಚು. ಮಿಕ್ಕಿದ್ದರಲ್ಲಿ ಬದುಕು ಕೊಟ್ಟ ಪೆಟ್ಟುಗಳಿವೆ. ಸಂಶೋಧಕರಾದ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಮಹಿಳೆಯರನ್ನು ಕುರಿತು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಆಘಾತ ಬಂದೆರಗಿದಾಗ ಹೆಚ್ಚು ಕುಸಿದವರು ಮನಬಿಚ್ಚಿ ಮಾತನಾಡಲು ಯಾರೂ ಇಲ್ಲದವರು, ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡವರು, ಮನೆತುಂಬ ಪುಟ್ಟ ಮಕ್ಕಳಿದ್ದವರು, ಹೊರಗೆ ದುಡಿಮೆ ಇಲ್ಲದವರು. ಆ ಪಟ್ಟಿಯಲ್ಲಿ ನಿಮ್ಮ ಮನೋಬಲವನ್ನು ಹುಡುಕಿ ನೋಡಿ.

ಇನ್ನು ನಿಮ್ಮ ಕಾಲ್ಪನಿಕ ರೋಗಿ. ಕತ್ತಲ ಕೋಣೆ, ಕೆದರಿದ ಕೂದಲು, ಮೂರೂ ಹೊತ್ತು ಕಣ್ಣೀರು. ನಾನು ಕೆಲಸ ಕಲಿಯುತ್ತಿದ್ದ ಪತ್ರಿಕೆಯಲ್ಲಿ ವೈದ್ಯರ ಅಂಕಣಕ್ಕೆ ಬಂದ ಓದುಗರ ಪತ್ರಗಳನ್ನು ಒಡೆದು ವಿಂಗಡಿಸುವುದು ನನ್ನ ಪಾಲಿಗೆ ಬಂದಿತ್ತು. ಬೇಸರದ ಕೆಲಸವೆಂದೇ ಗೊಣಗುತ್ತಿದ್ದೆ. ಒಬ್ಬ ಗುಮಾಸ್ತರು ಬರೆದಿದ್ದರು: ಬೆನ್ನುನೋವು, ಬಾಯಿಗೆ ರುಚಿಯಿಲ್ಲ, ಕೂಡಿದ ಲೆಕ್ಕವನ್ನೇ ಮತ್ತೆ ಮತ್ತೆ ಕೂಡುತ್ತಿದ್ದೇನೆ. ದುಃಖದ ಸುದ್ದಿಯೇ ಇರಲಿಲ್ಲ. ನಾನು ಅದನ್ನು ಮೂಳೆ ತಜ್ಞರ ಕಟ್ಟಿಗೆ ಸೇರಿಸಲು ಹೊರಟಾಗ ಹಿರಿಯ ವೈದ್ಯರು ಪತ್ರವನ್ನು ಇಸಿದುಕೊಂಡು ಅಂಚಿನಲ್ಲಿ ಎರಡು ಪ್ರಶ್ನೆ ಗೀಚಿದರು: "ಬೆಳಗಿನ ಜಾವ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ? ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಕೊಡುತ್ತಿದೆಯೇ?" ಅಂದಿನಿಂದ ಆ ಪತ್ರಗಳನ್ನು ಓದುವ ಕಣ್ಣೇ ಬದಲಾಯಿತು.

ಡಿಎಸ್‌ಎಂ-5 ಎಂಬ, ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿಯಲ್ಲಿ ಖಿನ್ನತೆಗೆ ಒಂಬತ್ತು ಲಕ್ಷಣಗಳಿವೆ. ಕನಿಷ್ಠ ಐದು, ಎರಡು ವಾರ ಕಾಲ ಹೆಚ್ಚುಕಡಿಮೆ ಪ್ರತಿದಿನ ಇರಬೇಕು. ಅವುಗಳಲ್ಲಿ ಒಂದು ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಆಗಿರಲೇಬೇಕು. "ಅಥವಾ" ಎಂದಿದೆ, ಗಮನಿಸಿ. ಲೆಕ್ಕ ಹಾಕಿದರೆ, ಇದೇ ಕಾಯಿಲೆಯ ಇಬ್ಬರಲ್ಲಿ ಒಂದೇ ಒಂದು ಲಕ್ಷಣ ಸಮಾನವಾಗಿರಬಹುದು. ಒಬ್ಬರಿಗೆ ನಿದ್ದೆ ಹತ್ತುವುದಿಲ್ಲ, ಇನ್ನೊಬ್ಬರು ಹಗಲೂ ಮಲಗಿಯೇ ಇರುತ್ತಾರೆ. ಒಬ್ಬರ ತೂಕ ಇಳಿಯುತ್ತದೆ, ಇನ್ನೊಬ್ಬರದು ಏರುತ್ತದೆ. ಕೆಲವರು ಕಚೇರಿಯಲ್ಲಿ ನಗುನಗುತ್ತಲೇ ಇದ್ದು, ಒಂದು ಅರ್ಜಿಯನ್ನು ನಾಲ್ಕು ಸಲ ಓದಿದರೂ ಏನೂ ತಲೆಗೆ ಹೋಗದೆ ಕುಳಿತಿರುತ್ತಾರೆ. ನಿಮ್ಮ ಲೇಖನ ಓದಿದರೆ ಅವರು, "ಸದ್ಯ, ನನಗೆ ಇದಿಲ್ಲ" ಎಂದುಕೊಂಡು ಪುಟ ಮಗುಚುತ್ತಾರೆ.

ಈ ಎರಡು ಭಾಗಗಳನ್ನು ಹೊಸದಾಗಿ ಬರೆದು ಕಳುಹಿಸಿ. ಮಿಕ್ಕಿದ್ದು ಹೇಗಿದೆಯೋ ಹಾಗೇ ಇರಲಿ. ಕೊನೆಯ ಪುಟದ ಒಂದು ಸಾಲನ್ನು ಮಾತ್ರ ನಿಮ್ಮನ್ನು ಕೇಳದೆಯೇ ಹೊಡೆದುಹಾಕಿದ್ದೇನೆ: "ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ರೋಗಿಯನ್ನು ಎಂದೂ ಕೇಳಬಾರದು." ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕೇಳಬೇಕು, ಕೇಳಿ ಸಹಾಯ ಸಿಗುವ ಕಡೆಗೆ ಕರೆದೊಯ್ಯಬೇಕು. ಆ ಜಾಗದಲ್ಲಿ ಹಾಗೆಂದೇ ಬರೆಯಿರಿ.

ನಿಮ್ಮ,
ಸಂಪಾದಕ