ಸಂಪಾದಕರ ಉತ್ತರ: ಸೊಸೆಯನ್ನು ಕೇಳಿದಿರಾ?

ರಾಜಾಜಿನಗರದ ಓದುಗರಿಗೆ ನಮಸ್ಕಾರ. ನಾಲ್ಕು ಪುಟದ ಪತ್ರ, ಒಂದೇ ಒಂದು ಚಿತ್ತಿಲ್ಲ. ಹೀಗೆ ಕೂತು ಬರೆಯುವವರು ಈಗ ಕಡಿಮೆ. ಅದಕ್ಕೇ ಈ ವಾರದ ಜಾಗವೆಲ್ಲ ನಿಮಗೆ. ‘ಜೈಲಿಗೆ ಹೋಗಿಬಂದ ನಟ ಮತ್ತೆ ಬಣ್ಣ ಹಚ್ಚಿದರೆ ನಿಮ್ಮ ಪತ್ರಿಕೆಗೇಕೆ ಹೊಟ್ಟೆಯುರಿ? ಮನೆಮಗ ತಪ್ಪು ಮಾಡಿದರೆ ಹೊರಗೆ ಹಾಕುತ್ತೇವೆಯೇ?’ ಎಂದು ಕೇಳಿದ್ದೀರಿ.

ಹಾಕುವುದಿಲ್ಲ. ಶಿಕ್ಷೆ ಮುಗಿಸಿದವನ ಅನ್ನದ ದಾರಿ ಮುಚ್ಚಬಾರದೆಂಬ ಮಾತು ಸರಿ. ನೀವು ಹೆಸರಿಸಿದ ಸಂಜಯ್ ದತ್ 2016ರ ಫೆಬ್ರವರಿಯಲ್ಲಿ ಯರವಾಡ ಜೈಲಿನಿಂದ ಹೊರಬಂದರು, 2022ರಲ್ಲಿ ನಮ್ಮ ಕೆಜಿಎಫ್ ಸಿನಿಮಾದ ಎರಡನೇ ಭಾಗದಲ್ಲಿ ಅಧೀರನೆಂಬ ಖಳನಾದರು. ಹಾಲಿವುಡ್ಡಿನ ರಾಬರ್ಟ್ ಡೌನಿ ಜೂನಿಯರ್ ಮಾದಕವಸ್ತುವಿನ ಚಟದಿಂದ ಜೈಲು ಕಂಡವರು. ಅವರನ್ನು ಹಾಕಿಕೊಂಡರೆ ಸಿನಿಮಾಕ್ಕೆ ವಿಮೆಯೇ ಸಿಗದ ಕಾಲವೊಂದಿತ್ತು, ಗೆಳೆಯ ಮೆಲ್ ಗಿಬ್ಸನ್ ವಿಮೆಯ ಹೊಣೆ ಹೊತ್ತರು. 2024ರಲ್ಲಿ ಆಸ್ಕರ್ ಬಂತು. ಡೌನಿ ಹಾಳುಮಾಡಿಕೊಂಡದ್ದು ಹೆಚ್ಚಾಗಿ ತಮ್ಮ ಬಾಳನ್ನೇ. ಅವರು ಎದ್ದು ನಿಂತದ್ದು ನನಗೂ ಸಂತೋಷವೇ.

ಆದರೆ ಸ್ವಾಮಿ, ಮನೆಮಗ ಕೈಮಾಡಿದ್ದು ಸೊಸೆಯ ಮೇಲೆ ಅಂತಿಟ್ಟುಕೊಳ್ಳಿ. ಅವನನ್ನು ಒಳಗೆ ಕರೆಯುವ ಮೊದಲು ಅವಳನ್ನು ಒಂದು ಮಾತು ಕೇಳುತ್ತೀರೋ ಇಲ್ಲವೋ? ನಿಮ್ಮ ನಾಲ್ಕು ಪುಟದಲ್ಲಿ ಸೊಸೆ ಎಲ್ಲೂ ಇಲ್ಲ.

2011ರ ಸೆಪ್ಟೆಂಬರ್ ನೆನಪಿದೆಯೇ? ಪತ್ನಿಯ ದೂರಿನ ಮೇಲೆ ದರ್ಶನ್ ಬಂಧನವಾಯಿತು. ಆಗ ನಮ್ಮ ನಿರ್ಮಾಪಕರ ಸಂಘ ಮೂರು ವರ್ಷ ನಿಷೇಧ ಹಾಕಿದ್ದು ಯಾರಿಗೆ? ಪ್ರಕರಣದಲ್ಲಿ ಹೆಸರು ಕೇಳಿಬಂದ ಒಬ್ಬ ನಟಿಗೆ! ಎಲ್ಲ ಕಡೆಯಿಂದ ಛೀಮಾರಿ ಬಿದ್ದ ಮೇಲೆ ಹಿಂತೆಗೆದುಕೊಂಡರು. ಅದೇ ತಿಂಗಳ ಕೊನೆಗೆ, ನಾಯಕ ಇನ್ನೂ ಜೈಲಿನಲ್ಲಿರುವಾಗಲೇ ‘ಸಾರಥಿ’ ಬಿಡುಗಡೆಯಾಗಿ ಭರ್ಜರಿ ಓಡಿತು. ದಂಪತಿ ಮುಂದೆ ರಾಜಿಯಾದರು, ಅದು ಅವರ ಮನೆಯ ವಿಷಯ. ನಾನು ಹೇಳುತ್ತಿರುವುದು ಊರಿನ ವಿಷಯ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಕೆ.ಜಿ. ರಸ್ತೆಯಲ್ಲಿ ನಿಂತಿದ್ದೆ. ಕಟೌಟಿನ ಭುಜದವರೆಗೆ ಹತ್ತಿದ್ದ ಹುಡುಗ ನಂದಿನಿ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿದು ಸುರಿಯುತ್ತಿದ್ದ. ಹಾಲು ಮರದ ಗಳುಗಳಗುಂಟ ಇಳಿದು ಫುಟ್‌ಪಾತಿನ ಮೇಲೆ ಸೇವಂತಿಗೆ ಮಾರುತ್ತಿದ್ದ ಹೆಂಗಸಿನ ಬುಟ್ಟಿಯ ಹತ್ತಿರ ಹರಿಯಿತು. ಆಕೆ ಬುಟ್ಟಿಯನ್ನು ಪಕ್ಕಕ್ಕೆಳೆದು, ಹೂವಿನ ಮೇಲೆ ಗೋಣಿಚೀಲ ಮುಚ್ಚಿದಳು. ‘ಹೆಂಡ್ತಿ ಕಂಪ್ಲೇಂಟ್ ಕೊಟ್ಟವ್ಳಂತಲ್ಲಣ್ಣ?’ ಎಂದು ಕೇಳಿದಳು. ಹೌದಮ್ಮ ಎಂದೆ. ಮತ್ತೇನೂ ಕೇಳಲಿಲ್ಲ. ಅಷ್ಟು ಹೊತ್ತೂ ಆ ರಸ್ತೆಯಲ್ಲಿ ದೂರು ಕೊಟ್ಟಾಕೆಯ ಸುದ್ದಿ ಎತ್ತಿದವಳು ಅವಳೊಬ್ಬಳೇ.

ಪಕ್ಕದ ತಮಿಳುನಾಡನ್ನೇ ನೋಡಿ. 2018ರಲ್ಲಿ ಗಾಯಕಿ ಚಿನ್ಮಯಿ ಕವಿ ವೈರಮುತ್ತು ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು, ಅವರು ಅಲ್ಲಗಳೆದರು. ಅದೇ ವರ್ಷ ಡಬ್ಬಿಂಗ್ ಕಲಾವಿದರ ಸಂಘದಿಂದ ಚಿನ್ಮಯಿ ಸದಸ್ಯತ್ವ ಹೋಯಿತು. ಕೊಟ್ಟ ಕಾರಣ, ಚಂದಾ ಬಾಕಿ. 2021ರಲ್ಲಿ ಕವಿಗಳಿಗೆ ಕೇರಳದ ಒಎನ್‌ವಿ ಸಾಹಿತ್ಯ ಪ್ರಶಸ್ತಿ ಘೋಷಣೆಯಾಯಿತು. ಅಲ್ಲಿನ ಬರಹಗಾರ್ತಿಯರು, ನಟಿಯರು ದನಿಯೆತ್ತಿದ್ದರಿಂದ ಕವಿಗಳೇ ಪ್ರಶಸ್ತಿ ಬೇಡವೆನ್ನಬೇಕಾಯಿತು. ಹಾಗೆ ದನಿಯೆತ್ತುವವರು ನಮ್ಮ ಗಾಂಧಿನಗರದಲ್ಲಿ ಎಷ್ಟು ಮಂದಿಯಿದ್ದಾರೆ?

ಇದರಲ್ಲಿ ನಮ್ಮ ಕಸುಬಿನವರ ಪಾಲೂ ದೊಡ್ಡದು. ಜೈಲಿನ ಗೇಟಿನ ಮುಂದೆ ಟಿವಿ ನೇರಪ್ರಸಾರದ ಓಬಿ ವ್ಯಾನ್ ನಿಲ್ಲಿಸಿ, ಒಳಗೆ ನಟನಿಗೆ ಮುದ್ದೆ ಕೊಟ್ಟರೋ ಚಪಾತಿ ಕೊಟ್ಟರೋ ಎಂದು ದಿನವಿಡೀ ಒದರುತ್ತಾರೆ. ದೂರು ಕೊಟ್ಟವರು ಅಂದು ಉಂಡರೋ ಇಲ್ಲವೋ ಯಾರಿಗೂ ಬೇಡ. ನನ್ನ ಮೇಜಿಗೂ ಫೋನು ಬರುತ್ತದೆ: ‘ಬಾಸ್ ಕಮ್‌ಬ್ಯಾಕ್ ಸಾರ್, ಕವರ್ ಪೇಜ್ ಕೊಡಿ, ಹಳೇದು ಮಾತ್ರ ಕೆದಕಬೇಡಿ.’ ನೊಂದವರ ಹತ್ತಿರ ಹೋಗಿ ತಪ್ಪಾಯಿತು ಅಂದಿದ್ದಾರಾ ಎಂದು ಕೇಳುತ್ತೇನೆ. ಆಮೇಲೆ ಆ ಕಡೆಯಿಂದ ಮಾತು ಬರುವುದಿಲ್ಲ.

ನಿಮ್ಮ ಮನಸ್ಸು ದೊಡ್ಡದು, ಪತ್ರದ ಪ್ರತಿ ಸಾಲಿನಲ್ಲೂ ಅದು ಕಾಣುತ್ತದೆ. ಇನ್ನೊಂದು ಪತ್ರ ಬರೆಯಿರಿ. ಅದರಲ್ಲಿ ಅರ್ಧ ಪುಟವಾದರೂ ಆ ಹೆಣ್ಣುಮಕ್ಕಳಿಗೆ ಮೀಸಲಿಡಿ. ಇದೇ ಪುಟದಲ್ಲಿ, ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇನೆ.

- ಸಂ.